ಲಗ್ ಒತ್ತುವ ಟೂಲ್: ಯಾವ ಪಿನ್ನಿಗೆ ಯಾವುದು?

ಟ್ರೇಲರಿನ ಹಿಂದಿನ ಲೈಟು ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಲೈಟಿನ ಮೇಲೊಂದು ಏಟು ಕೊಟ್ಟರೆ ಮತ್ತೆ ಹತ್ತುತ್ತದೆ. ಬಲ್ಬು ಬದಲಾಯಿಸಿದ್ದಾಯಿತು, ಫ್ಯೂಸು ಬದಲಾಯಿಸಿದ್ದಾಯಿತು, ಸ್ವಿಚ್ಚನ್ನೂ ಬಿಚ್ಚಿ ನೋಡಿದ್ದಾಯಿತು. ಹದಿನೈದು ದಿನ ಸರಿಯಾಗಿದ್ದು ಮತ್ತೆ ಅದೇ ಕಥೆ. ಇಂಥ ದೂರುಗಳಲ್ಲಿ ಬಹುಪಾಲಿಗೆ ಕಾರಣ ವೈರಿನ ನಡುವೆ ಇರುವುದಿಲ್ಲ, ವೈರಿನ ತುದಿಯಲ್ಲಿರುತ್ತದೆ. ಆ ತುದಿಗೆ ಹಾಕಿದ ಲಗ್ಗನ್ನು ಯಾರೋ ಕಟಿಂಗ್ ಪ್ಲೇಯರಿನಲ್ಲಿ ಅಮುಕಿ, ಮೇಲೆ ಕಪ್ಪು ಟೇಪು ಸುತ್ತಿ ಕಳಿಸಿರುತ್ತಾರೆ.

ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆಯಲ್ಲಿ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕಿನಲ್ಲಿ ಗಾಡಿಯ ವೈರಿಂಗಿಗೆ ವಿಶ್ರಾಂತಿ ಎಂಬುದೇ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು, ಅದರ ಮೇಲೆ ಬಾನೆಟ್ಟಿನೊಳಗಿನ ಕಾವು. ಹೊಲದಲ್ಲಿ ಟ್ರ್ಯಾಕ್ಟರ್ ಕುಲುಕುವುದು, ಒಕ್ಕಣೆ ದಿನಗಳಲ್ಲಿ ಗಂಟೆಗಟ್ಟಲೆ ನಿಂತಲ್ಲೇ ಅದುರುವುದು, ಒಳಗೆಲ್ಲ ಮೆಕ್ಕೆಜೋಳದ ದೂಳು. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ತುಂಗಭದ್ರೆಯ ಹಿನ್ನೀರಿನ ಅಂಚಿನ ಹೊಲಗಳಲ್ಲಿ ಕೆಸರು. ಸಂಜೆ ಮನೆಗೆ ಬಂದು ಪಂಪ್‌ಸೆಟ್ಟಿನ ನೀರು ಬಿಟ್ಟು ತೊಳೆಯುವುದು ಬೇರೆ. ಗಟ್ಟಿಯಾಗಿ ಕೂರದ ಲಗ್ಗು ಇಷ್ಟನ್ನೂ ತಡೆಯುವುದಿಲ್ಲ.

ಹೆಸರುಗಳಿಂದ ಶುರು ಮಾಡೋಣ. ವೈರಿನ ತುದಿಗೆ ಹಾಕುವ ಲೋಹದ ತುಂಡೇ ಟರ್ಮಿನಲ್. ನಮ್ಮ ಅಂಗಡಿಗಳಲ್ಲಿ ಇದನ್ನು ಲಗ್ಗು, ಪಿನ್ನು, ತಿಂಬಲ್ಲು ಎಂದೆಲ್ಲ ಕೇಳುತ್ತಾರೆ. ಇಂಥ ನಾಲ್ಕೋ ಆರೋ ಪಿನ್ನುಗಳು ಕೂತ ಪ್ಲಾಸ್ಟಿಕ್ ಡಬ್ಬಿ ಕಪ್ಲರ್. ಬೆಸುಗೆ ಹಾಕದೆ, ಬರೀ ಒತ್ತಡದಿಂದ ಟರ್ಮಿನಲ್ಲನ್ನು ವೈರಿನ ಮೇಲೆ ಮಡಚಿ ಬಿಗಿಯುವುದು ಕ್ರಿಂಪಿಂಗ್. ಅದಕ್ಕೆ ಬಳಸುವ ಇಕ್ಕಳ ಕ್ರಿಂಪಿಂಗ್ ಟೂಲ್. ಟೂಲಿನ ಬಾಯಲ್ಲಿ ಅಚ್ಚು ಕೊರೆದ ಎರಡು ಉಕ್ಕಿನ ತುಂಡುಗಳಿರುತ್ತವೆ. ಅವು ಡೈ. ಟೂಲಿನ ಯೋಗ್ಯತೆ ಇರುವುದು ಹಿಡಿಯಲ್ಲಲ್ಲ, ಈ ಡೈಯಲ್ಲಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ.

ಒತ್ತಿದಾಗ ಒಳಗೆ ಏನಾಗುತ್ತದೆ? ತಾಮ್ರದ ವೈರೆಂದರೆ ಕೂದಲಿನಂಥ ಎಳೆಗಳ ಕಟ್ಟು. ಎಳೆಗಳ ನಡುವೆ ಗಾಳಿ ಇದೆ, ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಇದೆ. ಸರಿಯಾದ ಡೈಯಲ್ಲಿ ಸರಿಯಾದ ಒತ್ತಡ ಬಿದ್ದಾಗ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ದುಂಡಗಿನ ಆಕಾರ ಕಳೆದುಕೊಳ್ಳುತ್ತವೆ, ಗಾಳಿ ಹೊರಗೆ ಹೋಗುತ್ತದೆ, ಆ ಪದರ ಒಡೆದು ಹಸಿ ತಾಮ್ರ ಹಸಿ ಹಿತ್ತಾಳೆಗೆ ತಾಗುತ್ತದೆ. ಅಲ್ಲಿಗೆ ಮತ್ತೆ ಗಾಳಿಯಾಗಲಿ ತೇವವಾಗಲಿ ನುಗ್ಗಲು ಜಾಗ ಇರುವುದಿಲ್ಲ. ಒತ್ತಡ ಕಡಿಮೆಯಾದರೆ ಸಂದು ಉಳಿಯುತ್ತದೆ, ಸಂದಿನಲ್ಲಿ ತೇವ ಸೇರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಒತ್ತಡ ಹೆಚ್ಚಾದರೆ ಎಳೆಗಳೇ ತುಂಡಾಗುತ್ತವೆ. ಕಟಿಂಗ್ ಪ್ಲೇಯರ್ ಈ ಎರಡು ತಪ್ಪನ್ನೂ ಒಂದೇ ಲಗ್ಗಿನಲ್ಲಿ ಮಾಡಬಲ್ಲದು: ನಡುವೆ ಕತ್ತರಿಸಿರುತ್ತದೆ, ಎರಡು ಬದಿಯಲ್ಲಿ ಸಡಿಲ ಬಿಟ್ಟಿರುತ್ತದೆ.

ಸಡಿಲ ಜೋಡಣೆಯಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ನೋಡಬಹುದು. 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ದಾರಿಯಲ್ಲಿ ಒಂದೇ ಒಂದು ಕೆಟ್ಟ ಲಗ್ಗು 0.1 ಓಮ್ ತಡೆ ಒಡ್ಡಿತು ಎನ್ನಿ. ಅಲ್ಲಿಯೇ 0.9 ವೋಲ್ಟ್ ಹೋಯಿತು. ಹ್ಯಾಲೊಜೆನ್ ಬಲ್ಬಿಗೆ ಇಷ್ಟು ಕಡಿಮೆಯಾದರೆ ಬೆಳಕು ಐದರಲ್ಲೊಂದು ಪಾಲಿಗಿಂತ ಹೆಚ್ಚೇ ಕುಗ್ಗುತ್ತದೆ. ಇನ್ನೊಂದು ಕಡೆ, ಆ ಲಗ್ಗಿನಲ್ಲಿ ಸುಮಾರು 8 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಅದರ ಮೂರನೇ ಒಂದು ಪಾಲು ಶಾಖ ನಿಮ್ಮ ಕಪ್ಲರಿನೊಳಗೆ ರಾತ್ರಿಯೆಲ್ಲ ಉರಿದರೆ ಪ್ಲಾಸ್ಟಿಕ್ ಕರಗದೆ ಇರುತ್ತದೆಯೇ? ಗ್ಯಾರೇಜಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿದ ಕಪ್ಲರನ್ನು ನೀವೂ ನೋಡಿರುತ್ತೀರಿ. ಹೆಚ್ಚಿನವರು ಅದಕ್ಕೆ ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ. ಶಾರ್ಟ್ ಆಗಿದ್ದರೆ ಫ್ಯೂಸು ಹಾರಬೇಕಿತ್ತು. ಹಾರಿಲ್ಲ ಎಂದರೆ ಅದು ಸಡಿಲ ಲಗ್ಗಿನ ಕೆಲಸ.

ಸರಿ, ಟೂಲ್ ಯಾವುದು? ಅದಕ್ಕೆ ಮೊದಲು ನಿಮ್ಮ ಕೈಯಲ್ಲಿರುವ ಟರ್ಮಿನಲ್ ಯಾವ ಜಾತಿಯದು ಎಂದು ನೋಡಬೇಕು. ಅಂಗಡಿಗೆ ಹೋಗಿ "ಕ್ರಿಂಪಿಂಗ್ ಪ್ಲೇಯರ್ ಕೊಡಿ" ಎಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಅವರದೇನೂ ತಪ್ಪಿಲ್ಲ, ನೀವು ಕೇಳಿದ್ದೇ ಅದು.

ಗಾಡಿಯ ಚಿಕ್ಕ ಟರ್ಮಿನಲ್ಲುಗಳಲ್ಲಿ ನಮಗೆ ಮುಖ್ಯವಾದವು ಎರಡು ಜಾತಿ. ಮೊದಲನೆಯದು ಕಂಪನಿಯ ವೈರಿಂಗಿನಲ್ಲೇ ಬರುವಂಥದ್ದು. ಇದಕ್ಕೆ ಪ್ಲಾಸ್ಟಿಕ್ ಅಂಗಿ ಇಲ್ಲ, ಹಿಂಭಾಗ ತೆರೆದಿರುತ್ತದೆ. ಕೈಯಲ್ಲಿ ಹಿಡಿದು ನೋಡಿ: ನಾಲ್ಕು ಕಿವಿಗಳು ಮೇಲಕ್ಕೆ ನಿಂತಿರುತ್ತವೆ. ಮುಂದಿನ ಜೋಡಿ ಚಿಕ್ಕದು, ಅದು ತಾಮ್ರವನ್ನು ಹಿಡಿಯಲಿಕ್ಕೆ. ಹಿಂದಿನ ಜೋಡಿ ತುಸು ಎತ್ತರ, ಅದು ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಹಿಡಿಯಲಿಕ್ಕೆ. ಇದನ್ನು ಓಪನ್ ಬ್ಯಾರೆಲ್, ಅಂದರೆ ತೆರೆದ ಕೊಳವೆಯ ಟರ್ಮಿನಲ್ ಎನ್ನುತ್ತಾರೆ. ಟ್ರ್ಯಾಕ್ಟರ್, ಬೈಕು, ಆಟೊ, ಕಾರು, ಯಾವುದರ ಕಪ್ಲರ್ ಬಿಚ್ಚಿದರೂ ಹೆಚ್ಚಾಗಿ ಒಳಗಿರುವುದು ಇದೇ. ಎರಡನೆಯದು ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ಅಂಗಿ ತೊಟ್ಟ ಲಗ್ಗು. ಇದರ ಕೊಳವೆ ಮುಚ್ಚಿರುತ್ತದೆ. ಹೊಸದಾಗಿ ಎಲ್‌ಇಡಿ ಲೈಟೋ ಮ್ಯೂಸಿಕ್ ಸಿಸ್ಟಮ್ಮೋ ಹಾಕುವವರು ಬಳಸುವುದು ಇದನ್ನು. ಬಣ್ಣ ಅಂದಕ್ಕೆ ಕೊಟ್ಟಿದ್ದಲ್ಲ. ಕೆಂಪು 0.5ರಿಂದ 1.5 ಚದರ ಮಿ.ಮೀ. ವೈರಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ.

ಈ ಎರಡು ಜಾತಿಗೆ ಡೈ ಬೇರೆ ಬೇರೆ, ಒಂದರ ಕೆಲಸ ಇನ್ನೊಂದು ಮಾಡದು. ತೆರೆದ ಕೊಳವೆಯ ಡೈಯಲ್ಲಿ ಮೇಲಿನ ತುಂಡಿಗೆ ಎರಡು ಕಮಾನುಗಳು ಅಕ್ಕಪಕ್ಕ ಇರುತ್ತವೆ, ನಡುವೆ ಒಂದು ಚೂಪು ಏಣು. ಹಿಡಿ ಒತ್ತಿದಾಗ ಎರಡು ಕಿವಿಗಳೂ ಆ ಕಮಾನುಗಳ ಒಳಮೈ ಹಿಡಿದು ಜಾರಿ, ಏಣಿನ ಬಳಿ ಕೂಡಿ, ಕೆಳಮುಖವಾಗಿ ಸುರುಳಿ ಸುತ್ತಿ ತಾಮ್ರದ ಎಳೆಗಳ ನಡುವೆ ಇಳಿಯುತ್ತವೆ. ಒತ್ತಿದ ಮೇಲೆ ಅಡ್ಡ ಕತ್ತರಿಸಿ ನೋಡಿದರೆ ಎರಡು ಉಬ್ಬು, ನಡುವೆ ಒಂದು ತಗ್ಗು ಕಾಣಬೇಕು. ಅಂಗಿ ತೊಟ್ಟ ಲಗ್ಗಿನ ಡೈಯಾದರೆ ಅಗಲವಾದ ಮೊಟ್ಟೆಯಾಕಾರದ ಗುಳಿ. ಹೆಚ್ಚಿನ ಟೂಲುಗಳಲ್ಲಿ ಗುಳಿಯ ಪಕ್ಕದಲ್ಲೇ ಕೆಂಪು, ನೀಲಿ, ಹಳದಿ ಚುಕ್ಕೆ ಇಟ್ಟಿರುತ್ತಾರೆ. ಕೆಂಪು ಲಗ್ಗನ್ನು ನೀಲಿ ಗುಳಿಯಲ್ಲಿ ಒತ್ತಿದರೆ ಮೇಲೆ ಚೆಂದ ಕಾಣುತ್ತದೆ, ಎಳೆದರೆ ವೈರು ಕೈಗೆ ಬರುತ್ತದೆ. ತೆರೆದ ಟರ್ಮಿನಲ್ಲನ್ನು ಮೊಟ್ಟೆ ಗುಳಿಯಲ್ಲಿ ಒತ್ತಿದರೆ ಕಿವಿಗಳು ಸುರುಳಿ ಸುತ್ತುವುದಿಲ್ಲ, ಚಪ್ಪಟೆಯಾಗಿ ಒಂದರ ಮೇಲೊಂದು ಬೀಳುತ್ತವೆ. ಅಂಗಿಯ ಲಗ್ಗನ್ನು ಕಮಾನಿನ ಡೈಗೆ ಕೊಟ್ಟರೆ ಏಣು ಪ್ಲಾಸ್ಟಿಕ್ಕನ್ನು ಸೀಳಿಬಿಡುತ್ತದೆ.

ಇನ್ನು ಅಳತೆ. ಚಪ್ಪಟೆ ಪಿನ್ನುಗಳನ್ನು ಅಗಲದಿಂದ ಗುರುತಿಸುತ್ತಾರೆ: 6.3, 4.8, 2.8, 2.3 ಮಿ.ಮೀ. ಅಂಗಡಿಯ ಪೊಟ್ಟಣದ ಮೇಲೆ ಇವೇ 250, 187, 110, 090 ಎಂದು ಬರೆದಿರಬಹುದು. ಅದು ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕ, ಬೇರೇನೂ ಅಲ್ಲ. ರಿಲೇ ಬೇಸ್, ಫ್ಯೂಸ್ ಬಾಕ್ಸ್, ಹಾರನ್ನಿನ ಹಿಂಬದಿ ಸಾಮಾನ್ಯವಾಗಿ 6.3ರವು. ಬೈಕಿನ ಚಿಕ್ಕ ಕಪ್ಲರುಗಳಲ್ಲಿ 2.8 ಮತ್ತು 2.3.

ವೈರಿನ ಅಳತೆಯಲ್ಲಿ ಗೊಂದಲ ಇನ್ನೂ ಜಾಸ್ತಿ. ಟೂಲಿನ ಮೇಲೆ 0.5, 1.0, 1.5, 2.5 ಎಂದು ಚದರ ಮಿ.ಮೀ. ಲೆಕ್ಕ ಕೆತ್ತಿರುತ್ತಾರೆ. ನಮ್ಮ ಅಂಗಡಿಯಲ್ಲಿ ವೈರು ಸಿಗುವುದು 14/36, 23/36, 40/36 ಎಂಬ ಹಳೇ ಲೆಕ್ಕದಲ್ಲಿ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯ ಗೇಜು. 36 ಗೇಜಿನ ಎಳೆಯ ದಪ್ಪ 0.193 ಮಿ.ಮೀ. ಗುಣಿಸಿ ನೋಡಿದರೆ 14/36 ಅಂದರೆ ಸುಮಾರು 0.4 ಚದರ ಮಿ.ಮೀ., 23/36 ಅಂದರೆ 0.67, 40/36 ಅಂದರೆ 1.17, 70/36 ಅಂದರೆ 2 ಚದರ ಮಿ.ಮೀ. ಈ ನಾಲ್ಕು ಅಂಕಿಗಳನ್ನು ಟೂಲಿನ ಡಬ್ಬಿಯ ಮುಚ್ಚಳದ ಒಳಗೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಟರ್ಮಿನಲ್ಲಿಗೆ ಎರಡು ವೈರು ಹಾಕಬಹುದೇ ಎಂದು ಕೇಳುತ್ತೀರಿ. ಹಾಕಬಹುದು, ಆದರೆ ಎರಡನ್ನೂ ಕೂಡಿಸಿ ಬಂದ ಅಳತೆಗೆ ತಕ್ಕ ಟರ್ಮಿನಲ್ಲು ಮತ್ತು ಗುಳಿ ಬೇಕು. 23/36ರ ಎರಡು ವೈರು ಕೂಡಿದರೆ 1.34, ಅಂದರೆ 1.5ರ ಗುಳಿ.

ಅಗ್ಗದ ಎಲ್‌ಇಡಿ ಕಿಟ್ಟುಗಳ ಜೊತೆ ಬರುವ ವೈರನ್ನು ನಂಬುವ ಮೊದಲು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ. ಎಷ್ಟು ಒಳ್ಳೆಯ ಟೂಲಿದ್ದರೂ ಅದರ ಮೇಲೆ ಲಗ್ಗು ಬಹುಕಾಲ ನಿಲ್ಲುವುದಿಲ್ಲ. ವೈರು ಕೊಳ್ಳುವಾಗ ಭಾರತೀಯ ಮಾನಕದ ಐಎಸ್ 2465 ಎಂಬ ಗುರುತು ಇದ್ದರೆ ಅದು ವಾಹನಗಳಿಗೆಂದೇ ಮಾಡಿದ ಕೇಬಲ್. ಟರ್ಮಿನಲ್ಲಿಗೂ ಒಂದು ಸುಲಭ ಪರೀಕ್ಷೆ ಇದೆ. ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಲೇಪ ಕೊಟ್ಟ ಕಬ್ಬಿಣ. ಹಿತ್ತಾಳೆಯಾದರೆ ಅಂಟದು.

ಈಗ ಟೂಲುಗಳ ವಿಷಯ. ಅತಿ ಅಗ್ಗದ್ದು ತಗಡನ್ನು ಕತ್ತರಿಸಿ ಮಾಡಿದ, ವೈರು ಸುಲಿಯಲೂ ಸ್ಕ್ರೂ ಕತ್ತರಿಸಲೂ ಲಗ್ಗು ಒತ್ತಲೂ ಒಂದೇ ಎನ್ನುವ ಪ್ಲೇಯರು. ಸುಮಾರು 150ರಿಂದ 300 ರೂಪಾಯಿ. ಲಗ್ಗು ಸರಿಯಾಗಿ ಒತ್ತಲ್ಪಟ್ಟಿತೋ ಇಲ್ಲವೋ ಎಂಬುದು ಇದರಲ್ಲಿ ನಿಮ್ಮ ಮುಂಗೈ ಬಲಕ್ಕೆ ಬಿಟ್ಟಿದ್ದು. ಬೆಳಿಗ್ಗೆ ಒತ್ತಿದ ಲಗ್ಗು ಒಂದು ರೀತಿ, ಸಂಜೆ ಕೈ ಸೋತಾಗ ಒತ್ತಿದ್ದು ಇನ್ನೊಂದು ರೀತಿ. ವೈರು ಸುಲಿಯುವುದಕ್ಕೆ ಇಟ್ಟುಕೊಳ್ಳಿ. ಲಗ್ಗು ಒತ್ತಲು ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ಇದರ ಮುಂದಿನ ಮೆಟ್ಟಿಲು ರಾಚೆಟ್ ಟೂಲ್. ರಾಚೆಟ್ ಎಂದರೆ ಹಿಡಿಯೊಳಗಿನ ಹಲ್ಲಿನ ತಡೆ. ಒಮ್ಮೆ ಒತ್ತಲು ಶುರು ಮಾಡಿದರೆ ಟಕ್ ಟಕ್ ಎನ್ನುತ್ತ ಮುಂದೆ ಹೋಗುತ್ತದೆ, ಪೂರ್ತಿ ಒತ್ತಿ ಮುಗಿಯುವ ತನಕ ಬಾಯಿ ಬಿಡುವುದಿಲ್ಲ. ಅಂದರೆ ಅರ್ಧ ಒತ್ತಿದ ಲಗ್ಗು ಎಂಬುದು ಸಾಧ್ಯವೇ ಇಲ್ಲ. ಹುಡುಗ ಒತ್ತಿದರೂ ಮೇಸ್ತ್ರಿ ಒತ್ತಿದರೂ ಫಲಿತಾಂಶ ಒಂದೇ. ಲಗ್ಗು ತಪ್ಪಾಗಿ ಕೂತು ನಡುವೆಯೇ ಸಿಕ್ಕಿಕೊಂಡರೆ ಹೆದರಬೇಡಿ. ಹಿಡಿಗಳ ನಡುವೆ ಒಂದು ಪುಟ್ಟ ಸನ್ನೆ ಇರುತ್ತದೆ, ಅದನ್ನು ಒತ್ತಿದರೆ ಬಾಯಿ ತೆರೆಯುತ್ತದೆ. ಪಕ್ಕದಲ್ಲೇ ಹಲ್ಲಿರುವ ಚಿಕ್ಕ ಚಕ್ರ, ಅದರ ಮೇಲೆ ಕೂಡಿಸು-ಕಳೆ ಗುರುತು. ಅದು ಒತ್ತಡ ಹೆಚ್ಚು ಕಡಿಮೆ ಮಾಡಲಿಕ್ಕೆ. ವರ್ಷಗಟ್ಟಲೆ ಬಳಸಿ ಟೂಲು ಸವೆದ ಮೇಲೆ ಇದನ್ನು ಒಂದೇ ಹಲ್ಲು ತಿರುಗಿಸಿದರೆ ಸಾಕಾಗುತ್ತದೆ.

ರಾಚೆಟ್ಟಿನಲ್ಲೂ ಹೆಸರು ನೋಡಿ ಕೊಳ್ಳಬೇಕು. ಮಾರುಕಟ್ಟೆಯಲ್ಲಿ ಎಸ್‌ಎನ್-48ಬಿ, ಎಸ್‌ಎನ್-28ಬಿ, ಎಸ್‌ಎನ್-2549 ಎಂಬ ಗುರುತಿನವು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಸಿಗುತ್ತವೆ. 48ಬಿ ಸುಮಾರಾಗಿ 0.5ರಿಂದ 1.5 ಚದರ ಮಿ.ಮೀ. ವೈರಿಗೆ, 6.3, 4.8, 2.8ರ ತೆರೆದ ಪಿನ್ನುಗಳಿಗೆ. ಕೆಲವು ಕಂಪನಿಯವು 2.5ರವರೆಗೂ ಹೋಗುತ್ತವೆ, ಡೈಯ ಮೇಲೆ ಕೆತ್ತಿದ್ದನ್ನೇ ನಂಬಿ. ಟ್ರ್ಯಾಕ್ಟರ್, ಬೈಕಿನ ಹೆಚ್ಚಿನ ಕೆಲಸ ಇದರಲ್ಲೇ ಮುಗಿಯುತ್ತದೆ. 28ಬಿ ಅದಕ್ಕಿಂತ ಸಣ್ಣದು, 0.25ರಿಂದ 1.0. ಬೈಕಿನ ಮೀಟರ್, ಸೆನ್ಸರುಗಳ ಸಣ್ಣ ಪಿನ್ನಿಗೆ ಇದು ಬೇಕು. 2549 ಇನ್ನೂ ತೆಳು ವೈರಿನದು, ಗಾಡಿಗಿಂತ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಹೆಚ್ಚು ಉಪಯೋಗ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಣ್ಣ ಪಿನ್ನಿನ ತಾಮ್ರ ಹಿಡಿಯುವ ಕಿವಿಗಳ ಉದ್ದವೇ ಎರಡು ಮೂರು ಮಿ.ಮೀ. ಡೈ ಅದಕ್ಕಿಂತ ದಪ್ಪವಿದ್ದರೆ ಒತ್ತುವಾಗ ಪಿನ್ನಿನ ಮುಂಭಾಗವೂ, ಅಂದರೆ ಎದುರಿನ ಪಿನ್ನು ಬಂದು ಕೂರುವ ಡಬ್ಬಿಯೂ ಜಜ್ಜಿಹೋಗುತ್ತದೆ. ಆಮೇಲೆ ಕಪ್ಲರಿಗೆ ಹಾಕಿದರೆ ಹೋಗುವುದಿಲ್ಲ, ಹೋದರೂ ಬಿಗಿ ಇರುವುದಿಲ್ಲ. ಇಂಥ ಪಿನ್ನಿಗೆ ತೆಳು ಬಾಯಿಯ ಟೂಲೇ ಬೇಕು. ಜಪಾನಿನ ಎಂಜಿನಿಯರ್ ಕಂಪನಿಯ ಪಿಎ-09 ಎಂಬ ಸಣ್ಣ ಪ್ಲೇಯರು ಇದಕ್ಕೆ ಹೆಸರುವಾಸಿ. ಅದರಲ್ಲಿ ರಾಚೆಟ್ ಇಲ್ಲ, ತಾಮ್ರದ ಕಿವಿ ಒಮ್ಮೆ, ಸಿಪ್ಪೆಯ ಕಿವಿ ಇನ್ನೊಮ್ಮೆ ಒತ್ತಬೇಕು. ಕೈ ಪಳಗಿದವರಿಗೆ ಸರಿ, ಹೊಸಬರಿಗೆ ರಾಚೆಟ್ಟೇ ಒಳ್ಳೆಯದು.

ಒಂದೇ ಹಿಡಿಗೆ ಡೈ ಬದಲಾಯಿಸುವ ಕಿಟ್ಟುಗಳೂ ಇವೆ. ತೆರೆದ ಕೊಳವೆಗೆ ಒಂದು ಜೋಡಿ, ಕೆಂಪು-ನೀಲಿ-ಹಳದಿಗೆ ಒಂದು, ಫೆರೂಲಿಗೆ ಒಂದು. ಫೆರೂಲ್ ಎಂದರೆ ಎಳೆಗಳನ್ನು ಒಟ್ಟಿಗೆ ಹಿಡಿಯುವ ತೆಳು ತವರದ ಲೇಪದ ಕೊಳವೆ. ಇದೇಕೆ ಎನ್ನುವವರು ಟ್ರೇಲರಿನ ಏಳು ಪಿನ್ನಿನ ಸಾಕೆಟ್ ನೆನಪಿಸಿಕೊಳ್ಳಿ. ಹಲವು ಸಾಕೆಟ್ಟುಗಳಲ್ಲಿ ವೈರನ್ನು ಹಿಡಿಯುವುದು ಪುಟ್ಟ ಸ್ಕ್ರೂ. ಬರೀ ಎಳೆಗಳ ಮೇಲೆ ಸ್ಕ್ರೂ ಬಿಗಿದರೆ ಅದು ತಿರುಗುತ್ತ ಎಳೆಗಳನ್ನು ಕತ್ತರಿಸುತ್ತದೆ. ಫೆರೂಲ್ ಹಾಕಿದರೆ ಆ ಕಾಟ ಇಲ್ಲ. ಮೈಲಾರದ ಜಾತ್ರೆಗೋ ಕೊಟ್ಟೂರಿನ ತೇರಿಗೋ ರಾತ್ರಿ ಹೊತ್ತು ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರುಗಳಲ್ಲಿ ಎಷ್ಟರ ಟ್ರೇಲರ್ ಲೈಟು ಉರಿಯುತ್ತಿರುತ್ತದೆ ಎಂದು ಈ ಸಲ ಗಮನಿಸಿ. ಟ್ರೇಲರಿನಲ್ಲಿ ಜನರನ್ನು ಕೂರಿಸಿಕೊಂಡು ಹೋಗಲು ಕಾನೂನು ಒಪ್ಪುವುದಿಲ್ಲ ಎನ್ನುವುದು ಬೇರೆಯೇ ಮಾತು. ಕನಿಷ್ಠ ಹಿಂದೆ ಬರುವ ಲಾರಿಯವನಿಗೆ ಮುಂದೊಂದು ಗಾಡಿ ಇದೆ ಎಂದಾದರೂ ಕಾಣಲಿ.

ಬೆಲೆಯ ಮಾತು. ಒಂದೇ ಡೈಯ ರಾಚೆಟ್ ಟೂಲು ಸುಮಾರು 600ರಿಂದ 1,200 ರೂಪಾಯಿ. ಡೈ ಬದಲಾಯಿಸುವ ಕಿಟ್ಟು 1,500ರಿಂದ 3,000. ಜಪಾನಿನ ಸಣ್ಣ ಪ್ಲೇಯರುಗಳು 3,000ದ ಮೇಲೆ. ಕಪ್ಲರ್ ತಯಾರಿಸುವ ದೊಡ್ಡ ಕಂಪನಿಗಳು ತಮ್ಮ ಒಂದೊಂದು ಪಿನ್ನಿಗೂ ಒಂದೊಂದು ಟೂಲು ಮಾಡುತ್ತವೆ. ಅವುಗಳ ಬೆಲೆ ಹತ್ತಾರು ಸಾವಿರ, ಅದು ಕಾರ್ಖಾನೆಯವರ ಲೆಕ್ಕ. ಗ್ಯಾರೇಜ್ ನಡೆಸುವವರು ಕಿಟ್ಟೇ ತೆಗೆದುಕೊಳ್ಳಲಿ. ಮನೆಯಲ್ಲಿ ಒಂದು ಟ್ರ್ಯಾಕ್ಟರು, ಎರಡು ಬೈಕು ಇದ್ದು ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರಿಗೆ 48ಬಿ ಒಂದೇ ಸಾಕು, ಅಂಗಿಯ ಲಗ್ಗುಗಳನ್ನು ಬಿಟ್ಟು ತೆರೆದ ಪಿನ್ನು ಮತ್ತು ಅದರ ಮೇಲೆ ಹಾಕುವ ಪ್ಲಾಸ್ಟಿಕ್ ಸ್ಲೀವನ್ನೇ ಬಳಸಿದರಾಯಿತು. ವರ್ಷಕ್ಕೊಮ್ಮೆ ಒಂದು ಲಗ್ಗು ಹಾಕಿಸುವವರಿಗೆ ಟೂಲೇ ಬೇಡ. ಆದರೆ ಮೇಸ್ತ್ರಿ ಯಾವುದರಲ್ಲಿ ಒತ್ತುತ್ತಾರೆ ಎಂದು ನಿಂತು ನೋಡುವ ಹಕ್ಕು ನಿಮಗಿದೆ.

ಬ್ಯಾಟರಿಯ ದಪ್ಪ ಕೇಬಲ್ಲಿನ ಲಗ್ಗು ಈ ಯಾವ ಟೂಲಿಗೂ ಸೇರಿದ್ದಲ್ಲ. ಸುತ್ತಿಗೆಯಲ್ಲಿ ಜಜ್ಜುವುದೂ ಬೇಡ. ಅದಕ್ಕೆ ಆರು ಮೂಲೆಯಾಗಿ ಒತ್ತುವ ಹೈಡ್ರಾಲಿಕ್ ಟೂಲು ಬೇಕು. ಅದನ್ನು ಇಟ್ಟುಕೊಂಡ ಬ್ಯಾಟರಿ ಅಂಗಡಿಯಲ್ಲೋ ಮೋಟಾರ್ ರಿವೈಂಡಿಂಗ್‌ನವರಲ್ಲೋ ಒತ್ತಿಸಿಕೊಂಡು ಬನ್ನಿ.

ಟೂಲು ಬಂತು, ಒತ್ತುವುದು ಹೇಗೆ? ಮೊದಲು ಸಿಪ್ಪೆ ಸುಲಿಯಿರಿ. ತಾಮ್ರದ ಕಿವಿಗಳ ಉದ್ದ ಎಷ್ಟಿದೆಯೋ ಅದಕ್ಕಿಂತ ಒಂದು ಮಿ.ಮೀ. ಹೆಚ್ಚು ಸುಲಿದರೆ ಸಾಕು. ಹಲ್ಲಿನಿಂದ ಕಚ್ಚಿ ಎಳೆಯುವ ಅಭ್ಯಾಸ ಹಲವರಿಗಿದೆ. 40/36 ವೈರಿನಲ್ಲಿ ನಾಲ್ಕು ಎಳೆ ಹೋದರೆ ಹತ್ತರಲ್ಲೊಂದು ಪಾಲು ತಾಮ್ರ ಹೋದಂತೆ, ಗುಳಿಯಲ್ಲಿ ಅಷ್ಟು ಸಡಿಲವೂ ಆದಂತೆ. ಎಳೆಗಳನ್ನು ಹುರಿ ಮಾಡಬೇಡಿ, ಹೇಗಿದೆಯೋ ಹಾಗೇ ನೇರ ಇರಲಿ. ಆಮೇಲೆ ಟರ್ಮಿನಲ್ಲನ್ನು ಡೈಯಲ್ಲಿಟ್ಟು, ಅದು ಬೀಳದಷ್ಟು ಒಂದೆರಡು ಟಕ್ ಒತ್ತಿ ನಿಲ್ಲಿಸಿ. ಕಿವಿಗಳು ಕಮಾನಿನ ಕಡೆ ಮುಖ ಮಾಡಿರಬೇಕು. ಡೈಯನ್ನು ಪಕ್ಕದಿಂದ ನೋಡಿ: ಒಂದು ಬದಿ ಇಕ್ಕಟ್ಟು, ಇನ್ನೊಂದು ಬದಿ ತುಸು ಅಗಲ. ಇಕ್ಕಟ್ಟಿನ ಬದಿಗೆ ತಾಮ್ರದ ಕಿವಿ, ಅಗಲದ ಬದಿಗೆ ಸಿಪ್ಪೆಯ ಕಿವಿ. ಇದು ತಿರುಗಿ ಬಿದ್ದರೆ ಒತ್ತಿದ್ದೆಲ್ಲ ದಂಡ. ಈಗ ವೈರನ್ನು ತೂರಿಸಿ. ಸಿಪ್ಪೆಯ ಅಂಚು ಎರಡು ಜೋಡಿ ಕಿವಿಗಳ ನಡುವಿನ ಕಿಂಡಿಯಲ್ಲಿ ಕಾಣಬೇಕು. ಟೂಲು ತಾನಾಗಿ ಬಾಯಿ ಬಿಡುವ ತನಕ ಒತ್ತಿ.

ಹೊರತೆಗೆದು ಬೆಳಕಿಗೆ ಹಿಡಿಯಿರಿ. ಮುಂದುಗಡೆ ಎಳೆಗಳ ತುದಿ ಅರ್ಧದಿಂದ ಒಂದು ಮಿ.ಮೀ. ಹೊರಗೆ ಇಣುಕಿರಬೇಕು. ತಾಮ್ರದ ಕಿವಿಗಳು ಒಳಮಡಚಿ ಒಂದಕ್ಕೊಂದು ತಾಗಿರಬೇಕು, ಯಾವ ಎಳೆಯೂ ಹೊರಗೆ ಉಳಿದಿರಬಾರದು. ಸಿಪ್ಪೆಯ ಕಿವಿ ಸಿಪ್ಪೆಯನ್ನು ಅಪ್ಪಿ ಹಿಡಿದಿರಬೇಕು, ತೂತು ಮಾಡಿರಬಾರದು. ಆ ಹಿಂದಿನ ಹಿಡಿತವೇ ಕುಲುಕಾಟವನ್ನು ತಡೆಯುವುದು. ಸಿಪ್ಪೆಯ ಕಿವಿ ಒತ್ತದೆ ಬಿಟ್ಟರೆ ಅದುರುವುದೆಲ್ಲ ತಾಮ್ರದ ಎಳೆಗಳ ಮೇಲೇ ಬೀಳುತ್ತದೆ, ಒಂದೊಂದಾಗಿ ಕಡಿಯುತ್ತವೆ.

ಹೊಸ ಟೂಲು ತಂದಾಗ ಮೊದಲ ಒಂದೆರಡು ಲಗ್ಗನ್ನು ಪರೀಕ್ಷೆಗೇ ಬಲಿ ಕೊಡಿ. ಲಗ್ಗನ್ನು ಮೊಳೆಗೆ ಸಿಕ್ಕಿಸಿ ವೈರಿಗೆ ಬಕೆಟ್ ಕಟ್ಟಿ, ನಿಧಾನವಾಗಿ ನೀರು ಹಾಕುತ್ತ ಹೋಗಿ. ಒಂದು ಲೀಟರ್ ನೀರು ಒಂದು ಕೆ.ಜಿ., ತಕ್ಕಡಿ ಬೇಕಿಲ್ಲ. 14/36 ವೈರಿನ ಲಗ್ಗು ಸುಮಾರು 5 ಕೆ.ಜಿ. ತಾಳಬೇಕು, 23/36ರದು 7ರಿಂದ 8, 40/36ರದು 11ರಿಂದ 12. ಅದಕ್ಕಿಂತ ಮೊದಲೇ ವೈರು ನುಣುಚಿಕೊಂಡರೆ ಒತ್ತಡ ಸಾಲದು. ಕಿವಿಯ ಬುಡದಲ್ಲಿ ಎಳೆಗಳೇ ಕಡಿದುಹೋದರೆ ಒತ್ತಡ ಹೆಚ್ಚಾಯಿತು. ಗಾಡಿಯಲ್ಲಿ ಕೂರಿಸಿದ ಮೇಲೆ ಮಲ್ಟಿಮೀಟರಿನಿಂದಲೂ ನೋಡಬಹುದು. ಲೈಟು ಹಾಕಿಟ್ಟು, ಮೀಟರನ್ನು ಡಿಸಿ ವೋಲ್ಟಿಗಿಟ್ಟು, ಒಂದು ಕಡ್ಡಿಯನ್ನು ಲಗ್ಗಿಗೂ ಇನ್ನೊಂದನ್ನು ಅದೇ ವೈರಿನ ತಾಮ್ರಕ್ಕೂ ತಾಗಿಸಿ. ಕೆಲವೇ ಮಿಲಿವೋಲ್ಟ್ ತೋರಿಸಿದರೆ ಒಳ್ಳೆಯ ಲಗ್ಗು. 0.1 ವೋಲ್ಟ್ ದಾಟಿದರೆ ಕತ್ತರಿಸಿ ಹೊಸದು ಹಾಕಿ. ಒಮ್ಮೆ ಒತ್ತಿದ ಟರ್ಮಿನಲ್ಲನ್ನು ಬಿಚ್ಚಿ ಮತ್ತೆ ಬಳಸುವಂತಿಲ್ಲ. ಮಡಚಿದ ಕಿವಿ ನೆಟ್ಟಗೆ ಮಾಡುವಾಗಲೇ ಬಿರುಕು ಬಿಟ್ಟಿರುತ್ತದೆ. ಉಳಿಸುವುದು ಒಂದೆರಡು ರೂಪಾಯಿ, ಬೇಡ.

ಇಷ್ಟೆಲ್ಲ ಯಾಕೆ, ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಅಲ್ಲವೇ? ಇದು ಎಲ್ಲರೂ ಕೇಳುವ ಪ್ರಶ್ನೆ. ಅಲುಗದ ಕಡೆ ಹೌದು, ರೇಡಿಯೊದೊಳಗೆ ಬೆಸುಗೆ ಸರಿ. ಗಾಡಿಯಲ್ಲಿ ಕರಗಿದ ಸೀಸ ಎಳೆಗಳ ನಡುವೆ ಹೀರಿಕೊಂಡು ಸಿಪ್ಪೆಯೊಳಗೂ ಏರುತ್ತದೆ. ಅಷ್ಟುದ್ದ ವೈರು ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಸೆಟೆದ ಭಾಗ ಮುಗಿದು ಮೆತ್ತನೆಯ ಭಾಗ ಶುರುವಾಗುವ ಜಾಗದಲ್ಲಿ ಅದುರಿ ಅದುರಿ ಕಡಿಯುತ್ತದೆ. ಮೊದಲು ಬೆಸುಗೆ ಸವರಿ ಆಮೇಲೆ ಲಗ್ಗು ಒತ್ತುವುದಂತೂ ಇನ್ನೂ ಕೆಟ್ಟದ್ದು. ಸೀಸ ಮೆದು ಲೋಹ, ಒತ್ತಡದಲ್ಲಿ ನಿಧಾನವಾಗಿ ಸರಿಯುತ್ತದೆ, ಬಿಗಿದ ಲಗ್ಗು ತಾನಾಗಿ ಸಡಿಲವಾಗುತ್ತದೆ. ಅಮೆರಿಕದಲ್ಲಿ 1941ರಲ್ಲಿ ಶುರುವಾದ ಎಎಂಪಿ ಎಂಬ ಕಂಪನಿ ಬೆಸುಗೆ ಬೇಡದ ಟರ್ಮಿನಲ್ಲುಗಳನ್ನು ಮೊದಲು ಮಾಡಿದ್ದೇ ವಿಮಾನ ಮತ್ತು ಹಡಗುಗಳಿಗೆ. ಆ ಕಂಪನಿಯ ಪೂರ್ಣ ಹೆಸರಿನಲ್ಲೇ ಏರ್‌ಕ್ರಾಫ್ಟ್-ಮರೀನ್ ಎಂದಿತ್ತು. ಆಕಾಶದಲ್ಲಿ ಅದುರುವ ಯಂತ್ರಕ್ಕೆ ಸಾಕಾದದ್ದು ಹರಪನಹಳ್ಳಿಯ ಎರೆಹೊಲಕ್ಕೂ ಸಾಕು.

ನೀರು ಬೀಳುವ ಜಾಗವಾದರೆ, ಒತ್ತಿದ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬು ಹಾಕಿ. ಕಾವು ಕೊಟ್ಟರೆ ಕುಗ್ಗಿ ವೈರಿಗೆ ಅಂಟುವ ಕೊಳವೆ ಇದು. ಕಪ್ಪು ಟೇಪು ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಅಂಟು ಬಿಟ್ಟು ಜಾರುತ್ತದೆ. ರಬ್ಬರ್ ಸೀಲಿರುವ ಕಪ್ಲರುಗಳಲ್ಲಿ ಸೀಲನ್ನು ವೈರಿಗೆ ಮೊದಲೇ ಪೋಣಿಸಿ, ಸಿಪ್ಪೆಯ ಕಿವಿ ಆ ಸೀಲಿನ ಕತ್ತನ್ನು ಹಿಡಿಯುವಂತೆ ಒತ್ತಬೇಕು. ಅದಕ್ಕೆ ಡೈಯ ಹಿಂಬದಿ ದುಂಡಗಿರಬೇಕು. ಸಾಮಾನ್ಯ 48ಬಿ ಅಲ್ಲಿ ಸೀಲನ್ನು ಸೀಳಬಹುದು.

ಎಲ್ಲಿ ಸಿಗುತ್ತದೆ? ಲಗ್ಗು, ಸ್ಲೀವು, ವೈರು ತಾಲ್ಲೂಕು ಕೇಂದ್ರದ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತವೆ. ರಾಚೆಟ್ ಟೂಲು ಅಲ್ಲಿ ಸಿಗದಿದ್ದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ ಹತ್ತಿರ, ಹರಪನಹಳ್ಳಿಯವರಿಗೆ ದಾವಣಗೆರೆ. ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ಟೂಲಿಗೆ ಎಸ್.ಪಿ. ರಸ್ತೆ, ಕಪ್ಲರ್ ಮತ್ತು ಪಿನ್ನುಗಳಿಗೆ ಜೆ.ಸಿ. ರಸ್ತೆ. ಆನ್‌ಲೈನಿನಲ್ಲಿ ತರಿಸುವವರು ಚಿತ್ರದಲ್ಲಿ ಡೈಯ ಬಾಯಿ ಹತ್ತಿರದಿಂದ ಕಾಣುತ್ತದೆಯೇ ನೋಡಿ. ಎರಡು ಕಮಾನು ಕಾಣದಿದ್ದರೆ, ಹೆಸರು ಏನೇ ಇರಲಿ, ತೆರೆದ ಪಿನ್ನಿಗೆ ಅದು ಆಗುವುದಿಲ್ಲ. ವಾಪಸು ಕೊಡಲು ಬರುವಂಥ ಕಡೆಯೇ ಕೊಳ್ಳಿ.

ಅಂಗಡಿಗೆ ಹೋಗುವಾಗ ನಿಮ್ಮ ಗಾಡಿಯ ಹಳೆಯ ಕಪ್ಲರಿನಿಂದ ತೆಗೆದ ಒಂದು ಪಿನ್ನು, ಗೇಣುದ್ದ ವೈರು, ನಾಲ್ಕು ಹೊಸ ಟರ್ಮಿನಲ್ಲು ಜೇಬಿನಲ್ಲಿರಲಿ. ಪಿನ್ನನ್ನು ಕಪ್ಲರಿನಿಂದ ಎಳೆದು ಕೀಳಬೇಡಿ. ಮುಂದುಗಡೆಯಿಂದ ತೆಳು ಸೂಜಿ ತೂರಿಸಿ ಒಳಗಿನ ಪುಟ್ಟ ನಾಲಿಗೆಯನ್ನು ಅದುಮಿದರೆ ಹಿಂದಿನಿಂದ ಸಲೀಸಾಗಿ ಜಾರಿ ಬರುತ್ತದೆ. ಕೌಂಟರಿನ ಮೇಲೇ ಒಂದೆರಡು ಒತ್ತಿ ನೋಡುತ್ತೇನೆ ಎಂದು ಕೇಳಿ. ಬಾಯಿ ಮುಚ್ಚಿದಾಗ ಎರಡು ಡೈಗಳೂ ಎದುರುಬದುರು ನೇರ ಕೂರುತ್ತವೆಯೇ, ಬೆಳಕಿಗೆ ಹಿಡಿದರೆ ಒಂದು ಬದಿ ಸಂದು ಕಾಣುತ್ತದೆಯೇ ನೋಡಿ. ಸೊಟ್ಟಗಿದ್ದರೆ ಇನ್ನೊಂದು ತೆಗೆಸಿ. ಒಂದೇ ಕಂಪನಿಯ ಒಂದೇ ಪೆಟ್ಟಿಗೆಯಲ್ಲಿ ಬಂದ ಎರಡು ಟೂಲುಗಳ ನಡುವೆಯೂ ಈ ವ್ಯತ್ಯಾಸ ಇರುತ್ತದೆ.